ಮಿತಿ ಹಾಕದ ಡಬ್ಬಿ

ರೂಪಾಲಿ ಬೆಲ್ಲದ ಬಾಗೇವಾಡಿಯಿಂದ ಗೋಕಾಕಕ್ಕ ಸೊಸಿಯಾಗಿ ಬಂದಾಗ ಅತ್ತಿ ಇಂದುಬಾಯಿ ಮೊದಲ ತೋರಿಸಿದ್ದು ತನ್ನ ಸೀರಿ ಟ್ರಂಕು. ಬಸದ್ಯಾಗ ಮುನಿ ಮಹಾರಾಜರ ಮುಂದ ಕೈ ಮುಗದು ಮಿತಿಯ ವ್ರತ ತಗೊಂಡಾಕಿ ಆಕಿ. ಸೀರಿ ಇಷ್ಟ, ಪಾತ್ರಿ ಇಷ್ಟ, ಬಂಗಾರ ಇಷ್ಟ, ಅದಕ್ಕಿಂತ ಹೆಚ್ಚಿಗಿ ಇಟ್ಟುಕೊಳ್ಳಾಂಗಿಲ್ಲ. ಮನಿಗಿ ಒಂದು ಹೊಸಾದು ಬಂದ್ರ ಒಂದು ಹಳೇದು ಹೊರಗ ಹೋಗಬೇಕು. ಆಕಿ ವ್ರತ ಆಕಿಗಿ, ಬ್ಯಾಡ ಅನ್ನಾವ್ರು ಯಾರು? ಆದ್ರ ಅತ್ತಿ ವ್ರತ ಸೊಸಿ ಕಪಾಟಕ್ಕ ಕೈ ಹಾಕೂದು ನಮ್ಮ ಕಡಿ ಹೊಸಾದೇನಲ್ಲ ಬಿಡ್ರಿ. ತವರುಮನಿ ಸೀರಿ ಕಣ್ಣ ಮುಂದ ಒಂದೊಂದ ದಾನಕ್ಕ ಹೋದಾಗ ರೂಪಾಲಿ ಹಲ್ಲು ಕಚಗೊಂಡು ತಾನ ಮಡಚಿ ಕೊಟ್ಲು. ಮಿತಿ ಅನ್ನೂ ಮಾತು ಕಿವಿಗಿ ಬಿದ್ರ ಸಾಕು, ಮೈ ಉರೀತಿತ್ತು.

ಆಕಿ ಉಸರಾಡತಿದ್ದ ಜಾಗಾ ಅಂದ್ರ ಮಾವನ ಫೋಟೋ ಸ್ಟುಡಿಯೋ. ಮಾವ ಬಾಬಾಸಾಹೇಬ ಕ್ಯಾಮೆರಾ ಹಿಡಕೊಂಡು ಹುಕ್ಕೇರಿ, ಮೂಡಲಗಿ ಅಂತ ಲಗ್ನದ ಬೆನ್ನ ಹತ್ತಿ ತಿರಗತಿದ್ರು. ಅಂಗಡ್ಯಾಗಿನ ಕಂಪ್ಯೂಟರ್ ಸೊಸಿ ಕೈಗಿ ಬಂತು. ಫೋಟೋ ತಿದ್ದೂ ಕೆಲಸಾನೂ ಚಲೋ ಕಲ್ತಿದ್ಲು. ಕಪ್ಪ ಹುಡುಗಿಗೋಳ್ನ ಬೆಳ್ಳಗ ಮಾಡೂದ್ರಾಗಂತೂ ಆಕಿ ಕೈ ಹಿಡ್ಯಾವ್ರಿರಲಿಲ್ಲ.

ಅದು ಎರಡು ಸಾವಿರದ ಎಂಟರ ಸುಮಾರು. ಗಿರಾಕಿ ತರೂ ಪೆನ್ ಡ್ರೈವ್ ಸಂಗಾಟ ಊರಾಗಿನ ವೈರಸ್ ಎಲ್ಲಾ ಅಂಗಡಿಗಿ ಬರಾಕತ್ತಿತು. ಮಷಿನ್ ಮತ್ತ ಮತ್ತ ಕೆಟ್ಟು ಕುಂತ ಮ್ಯಾಲ ಬೆಳಗಾವಿ ರಿಪೇರಿಯಾಂವ ಒಂದು ಹಿಕಮತ್ತು ಮಾಡಿದ. ಕಂಪ್ಯೂಟರಿನ ಒಳಗ ಇನ್ನೊಂದು ಕಂಪ್ಯೂಟರ್ ಹುಟ್ಟಿಸಿದ. ಅದನ್ನ ಕೈಲೆ ಮುಟ್ಟಾಕ ಬರಾಂಗಿಲ್ಲ, ಪಡದೆದ ಮ್ಯಾಲಷ್ಟ ಇರ್ತೈತಿ. ವೈರಸ್ ಹೊಕ್ಕರೂ ಅದರೊಳಗ ಉಳೀತೈತಿ, ಹೊರಗಿನ ಮಷಿನ್ನಿಗಿ ಬರಾಂಗಿಲ್ಲ. ಅದು ಇಟ್ಟಿದ್ದೆಲ್ಲಾ ಡಿಸ್ಕಿನ್ಯಾಗ ಒಂದ ದೊಡ್ಡ ಫೈಲ್ ಆಗಿ ಕುಂಡ್ರತಿತ್ತು, ಆಂವ ಅದಕ್ಕ ಡಬ್ಬಿ ಅಂತಿದ್ದ. ಗಿರಾಕಿ ಫೋಟೋ ಎಲ್ಲಾ ಆ ಡಬ್ಬ್ಯಾಗ, ಲಗ್ನದ ವಿಡಿಯೋ ಹೊರಗ. ಡಿಸ್ಕು ಮಾತ್ರ ಎರಡಕ್ಕೂ ಒಂದ.

"ಅಕ್ಕಾರ, ಒಳಗಿನ ಡಬ್ಬಿಗಿ ಇಷ್ಟ ಅಂತ ಮಿತಿ ಹಾಕಿ, ಅಷ್ಟೂ ಜಾಗಾ ಈಗ ಹಿಡದಿಟ್ಟಬಿಡೂನ್ರಿ," ಅಂದ ಆಂವ. "ಹಂಗಾದ್ರ ಇದರ ಜಾಗಾ ಅದು ತಿನ್ನಾಂಗಿಲ್ಲ, ಅದರ ಜಾಗಾ ಇದು ತಿನ್ನಾಂಗಿಲ್ಲ."

"ಮಿತಿ ಗಿತಿ ಬ್ಯಾಡ್ರಿ! ನಮ್ಮ ಮನ್ಯಾಗ ಒಮ್ಮಿ ಹಾಕಿದ್ರ ಸಾಯೂತನಕ ತಗ್ಯಾಂಗಿಲ್ಲ. ಇದಾದ್ರೂ ಬೇಕಾದಷ್ಟು ಬೆಳೀಲಿ," ಅಂದ್ಲು ರೂಪಾಲಿ.

"ಬೆಳ್ಯಾಕ ಹೊರಗ ಜಾಗಾ ಇರಬೇಕಲ್ರಿ?"

"ಮಸ್ತ್ ಐತಿ ತಗೋರಿ."

ಅತ್ತಿ ಮ್ಯಾಲಿನ ಸಿಟ್ಟು ಕಂಪ್ಯೂಟರ್ ಮ್ಯಾಲ ತೀರಿಸಿಕೊಂಡ್ಲು, ಮತ್ತೇನು! ರಿಪೇರಿಯಾಂವ ನಿಮ್ಮ ಖುಷಿ ಅಂದು ಚಾ ಕುಡದು ಹೋದ.

ಲಗ್ನದ ಸುಗ್ಗಿ ಬಂತು. ನಮ್ಮ ಕಡಿ ತಾಳಿ ಕಟ್ಟೂದು ಅರ್ಧ ಘಳಿಗಿ, ಆಯೇರಿ ಮಾಡೂದು ಅರ್ಧ ದಿನ. ಯಾರು ಯಾರಿಗಿ ಸೀರಿ ಕೊಟ್ರು, ಯಾರು ಯಾರಿಗಿ ಟಾವೆಲ್ ಹೊಚ್ಚಿದ್ರು, ಎಲ್ಲಾ ವಿಡಿಯೋದಾಗ ಬರಬೇಕು. ಒಬ್ಬ ಕಾಕಾನ ಆಯೇರಿ ಬಿಟ್ಟು ಹೋದ್ರೂ ಬೀಗರು ಮಾರಿ ತಿರುವತಾರ. ಅದಕ್ಕ ಬಾಬಾಸಾಹೇಬರು ಕ್ಯಾಮೆರಾ ಬಂದ್ ಮಾಡತಿರಲಿಲ್ಲ. ಎಲ್ಲಾ ಬಂದು ಅದ ಡಿಸ್ಕಿನ್ಯಾಗ ಬೀಳತಿತ್ತು.

ಒಂದು ಮಧ್ಯಾಹ್ನ ಹತ್ತರಗಿ ಊರಿನ ಲಗ್ನದ ವಿಡಿಯೋ ಕ್ಯಾಮೆರಾದಿಂದ ಹೊರಗಿನ ಕಂಪ್ಯೂಟರಿಗಿ ಇಳ್ಯಾಕ ಹತ್ತಿತ್ತು. ಒಳಗಿನ ಕಂಪ್ಯೂಟರಿನ್ಯಾಗ ರೂಪಾಲಿ ಮಾಲಾ ಅನ್ನೂ ಹುಡುಗಿ ಫೋಟೋ ತಿದ್ದಾಕತ್ತಿದ್ಲು. ಮೇಲವಂಕಿ ಹುಡುಗಿ. ವರನ ಕಡ್ಯಾವ್ರಿಗಿ ಕಳಸಾಕ ಗೆಳತಿಯ ಹಸರ ಸೀರಿ ಇಸಗೊಂಡು ಉಟಗೊಂಡು ಹಿಂದಿನ ದಿನ ಬಂದು ತಗಿಸಿದ್ಲು, ಸಂತಿ ದಿನ ಒಯ್ಯತೀನಿ ಅಂದಿದ್ಲು. ರೂಪಾಲಿ ಸೇವ್ ಒತ್ತಿದ್ಲು. ಪಡದೆ ನಿಂತ ಬಿಟ್ಟಿತು. ಲಗ್ನದ ವಿಡಿಯೋ ಬಂದು ಡಿಸ್ಕು ತುಂಬಿತ್ತು, ಒಳಗಿನದು ಬರಕೋಂತ ಬರಕೋಂತ ನಡುವ ಸತ್ತಿತ್ತು.

ರಿಪೇರಿಯಾಂವ ಬಂದು ಸಂಜೀತನಕ ಹೆಣಗ್ಯಾಡಿ ಕೈ ಚೆಲ್ಲಿದ. "ಡಬ್ಬಿ ಐತ್ರಿ, ಒಳಗಿಂದು ಒಂದೂ ತೆರ್ಯಾಂಗಿಲ್ಲ." ಕ್ಯಾಮೆರಾದಾಗಿಂದು ಅಳಿಸಿ ಆಗಲೇ ಮತ್ತೊಂದು ಲಗ್ನ ತಗದಾಗಿತ್ತು. ಗಿರಾಕಿ ಬೈದ್ರು, ಬಾಬಾಸಾಹೇಬರು ಕೈ ಮುಗದು ಮತ್ತ ಫೋಟೋ ತಗದು ಕೊಟ್ರು. ಮಾಲಾ ಬಂದ್ರೂ ಹಂಗ ಮಾಡಿದ್ರಾತು ಅಂದುಕೊಂಡ್ಲು ರೂಪಾಲಿ.

ಮಾಲಾ ಬರಲಿಲ್ಲ. ಆಕಿ ಅಪ್ಪ ದುರ್ಗಪ್ಪ, ಅವ್ವ ಶಂಕ್ರವ್ವ ಬಂದ್ರು. ಹುಡುಗಿ ಕೆನಾಲಿಗಿ ಅರಬಿ ಒಗ್ಯಾಕ ಹೋಗಿ ಕಾಲು ಜಾರಿ ಬಿದ್ದಿದ್ಲು. ಹೆಣ ದೂರ ಹೋಗಿ ಎರಡು ದಿನದ ಮ್ಯಾಲ ಸಿಕ್ಕಿತ್ತು, ಅವ್ವಗ ಮಾರಿ ನೋಡಾಕ ಬಿಟ್ಟಿರಲಿಲ್ಲ.

"ಮಗಳ ದಿನದ ಕಾರ್ಯಕ್ಕ ಫೋಟೋ ಇಡಬೇಕ್ರಿ ಅಕ್ಕಾರ," ಅಂದ ದುರ್ಗಪ್ಪ. "ಮನ್ಯಾಗ ಆಕಿದು ಒಂದೂ ಇಲ್ಲ. ರೇಷನ್ ಕಾರ್ಡಿನ್ಯಾಗ ಐತಿ, ಅದರಾಗ ಕೂಸು ಆಕಿ. ಗೆಳತಿ ಹೇಳಿದ್ಲು, ನಿಮ್ಮಲ್ಲಿ ತಗಿಸ್ಯಾಳಂತ."

ಬಾಬಾಸಾಹೇಬರು ರೂಪಾಲಿನ್ನ ಬಾಜೂಕ್ಕ ಕರದು, "ಕಂಪ್ಯೂಟರ್ ಕೆಟ್ಟೇತಿ ಅಂದು ಬಿಡವಾ, ನಮ್ಮ ತಪ್ಪು ಅನಬ್ಯಾಡ," ಅಂತ ಪಿಸುಗುಟ್ಟಿದ್ರು. ಖರೆ ಹೇಳಬೇಕಂದ್ರ ಆಕಿಗೂ ಹಂಗ ಅನ್ನೂ ಮನಸಿತ್ತು. ಆದ್ರ ಶಂಕ್ರವ್ವನ ಮಾರಿ ನೋಡಿ ನಾಲಗಿ ಸುಳ್ಳಿಗಿ ಏಳಲಿಲ್ಲ.

"ಅದು ತಾನ ಕೆಟ್ಟಿಲ್ರಿ, ನಾ ಕೆಡಸೀನಿ. ಜಾಗಾ ಹಿಡದಿಡ್ರಿ ಅಂತ ಹೇಳಿದ್ರು, ನಾ ಕೇಳಲಿಲ್ಲ. ಮಾಲಾನ ಫೋಟೋ ಹೋಗಿಬಿಟ್ಟೇತ್ರಿ."

"ನಮಗ ಅದೆಲ್ಲಾ ತಿಳ್ಯಾಂಗಿಲ್ಲವ್ವಾ," ಅಂದು ದುರ್ಗಪ್ಪ ಪಾವಟಿಗಿ ಮ್ಯಾಲ ಕುಸದು ಕುಂತ. ಬೈದಿದ್ರ ಎಷ್ಟೋ ಚಲೋ ಇತ್ತು.

ಶಂಕ್ರವ್ವ ಮಾತ್ರ ಕೌಂಟರ್ ಹಿಡಕೊಂಡು ಅಳಕೋಂತ ನಿಂತ್ಲು. "ನೀ ನೋಡಿಯಲ್ಲ ಯವ್ವಾ? ಹಸರ ಸೀರ್ಯಾಗ ನನ್ನ ಮಗಳು ಹೆಂಗ ಕಾಣತಿದ್ಲು, ಅದನ್ನಾದ್ರೂ ಹೇಳ."

ರೂಪಾಲಿ ಕಣ್ಣು ಮುಚ್ಚಿದ್ಲು. ಆ ಮಾರಿಯನ್ನ ಆಕಿ ಪಡದೆ ಮ್ಯಾಲ ಹಿಗ್ಗಿಸಿಟ್ಟುಕೊಂಡು ಎಷ್ಟೊತ್ತು ತಿದ್ದಿರಲಿಲ್ಲ! "ಗದ್ದದ ಮ್ಯಾಲ ಸಣ್ಣ ಸುಟ್ಟ ಕಲಿ ಇತ್ರಿ. ಅದನ್ನ ಅಳಸಿ, ಬಣ್ಣಾ ತಿಳಿ ಮಾಡಿದ್ನಿ…"

"ಅಳಸಿದಿ?" ಶಂಕ್ರವ್ವನ ಅಳು ನಿಂತಿತು. "ಅದು ಬಿಸಿ ರೊಟ್ಟಿ ಕೊಡಬೇಕಾದ್ರ ನನ್ನ ಕೈಲೆ ಆದ ಕಲಿ ಯವ್ವಾ. ಅದ್ಯಾಕ ಅಳಸಿದಿ?"

"ವರನ ಕಡ್ಯಾವ್ರು ನೋಡ್ತಾರಂತ್ರಿ," ಅಂದ್ಲು ರೂಪಾಲಿ.

"ಹೋಗ್ಲಿ. ಕಣ್ಣು? ನಗತಿದ್ಲೇನು?"

ರೂಪಾಲಿ ನೆನಸಿದ್ಲು, ಮತ್ತ ನೆನಸಿದ್ಲು. ಸೀರಿ ಅಂಚು ನೆನಪಾತು, ತಾನು ಬಳದ ಬಣ್ಣಾ ನೆನಪಾತು. ಕಣ್ಣು ನೆನಪಾಗಲಿಲ್ಲ.