ಯಾರ ಕೈಯ ನಂಜು

ಮೊಮ್ಮಗಳು ಸುಧಾ ಹೆತ್ತಿದ್ದಾಳೆ ಅಂತ ನೋಡೋಕೆ ಹೋದರೆ, ಕೂಸು ಕೊಡೋ ಮುಂಚೆ ನನ್ನ ಅಂಗೈಗೆ ಅದೇನೋ ತಣ್ಣನೆಯದು ಸುರಿದಳು. ಉಜ್ಜಿದೆ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡೀತು ನೋಡಿ, ತಿಪಟೂರಲ್ಲಿದ್ದ ಒಂದು ಹೆರಿಗೆ ಆಸ್ಪತ್ರೆ ಕಣ್ಣ ಮುಂದೆ ಬಂತು. ಕೊಬ್ಬರಿ ಇನ್ನೂ ಎತ್ತಿನ ಗಾಡೀಲಿ ಹೋಗ್ತಿದ್ದ ಕಾಲ. ಆಗ ಕೂಸಾಗಿದ್ದವಳು ಇದೇ ಸುಧಾ.

ಹುಟ್ಟಿದ ಮಾರನೇ ದಿನ ಮೊಲೆ ಕಚ್ಚಲಿಲ್ಲ. ಮುಟ್ಟಿದರೆ ಮೈ ತಣ್ಣಗೆ. ನಾನು ಸೀದಾ ಬೀಗಿತ್ತಿ ಮೇಲೆ ಬಿದ್ದೆ. ನನ್ನ ಮಗಳು ಗೌರಿಗೆ ಅತ್ತೆ ಅವಳು. ಬಿಳಿಗೆರೆಯ ತಮ್ಮ ತೋಟದಿಂದ ಎಳನೀರು ತಂದು ಗೌರಿಗೆ ಕುಡಿಸಿದ್ದಳು. ನಮ್ಮಲ್ಲಿ ಎಳನೀರು ದಾರೀಲಿ ಹೋಗೋರಿಗೂ ಕೊಡ್ತೀವಿ, ಬಾಣಂತಿಗೆ ಮಾತ್ರ ತೋರಿಸೋದೂ ಇಲ್ಲ. ಶೀತ ಎದೆಹಾಲಿಗೆ ಇಳೀತದೆ ಅಂತ.

"ಮರದಲ್ಲಿ ಬಿಟ್ಟಿದೆ ಅಂತ ಬಾಣಂತಿ ಬಾಯಿಗೆ ಸುರಿಯೋದೇನೇ?"

"ನಿನ್ನ ಮಗಳೇ ಬಾಯಾರಿಕೆ ಅಂದ್ಲು ಕಣಮ್ಮ. ನಿಮ್ಮ ತೋಟದ್ದಾಗಿದ್ರೆ ಶೀತ ಆಗ್ತಿರ್ಲಿಲ್ವೇನೋ!"

"ಜಗಳ ಬುಡ್ರವ್ವ," ಅಂದಳು ಗೌರಿ. "ಕೂಸು ಅಳ್ತಾನೂ ಇಲ್ಲ."

ಡಾಕ್ಟರು ಬಂದು ನೋಡಿದರು. ಎಳನೀರೂ ಅಲ್ಲ, ಶೀತಾನೂ ಅಲ್ಲ, ರಕ್ತಕ್ಕೆ ನಂಜು ಸೇರಿದೆ, ಹಸುಗೂಸಿಗೆ ನಂಜಾದರೆ ಮೈ ಹಿಂಗೆ ತಣ್ಣಗೂ ಆಗ್ತದೆ ಅಂದರು. ನಂಜಾದರೆ ಮೈ ಕೆಂಡ ಆಗೋದನ್ನ ಕಂಡಿದ್ದೆ. ಇದ್ಯಾವ ಸೀಮೆ ನಂಜು, ನೀವೇ ಹೇಳಿ. ಎಲ್ಲಿಂದ ಬಂತು ಅಂತ ಕೇಳಿದೆ.

"ಯಾರ ಕೈಯಿಂದಲೋ ಬಂದಿರಬೇಕು."

ಯಾರ ಕೈ? ಹೊಕ್ಕಳಿಗೆ ಮನೆಯ ಕೊಬ್ಬರಿ ಎಣ್ಣೆ ಹಚ್ಚಿದ್ದು ನಾನು. ಕೆನ್ನೆ ಹಿಂಡಿದ್ದು ಬೀಗಿತ್ತಿ. ಬಟ್ಟೆ ಬದಲಾಯಿಸಿದ್ದು ಆಯಾ. ಎತ್ತಿ ಆಡಿಸಿದ್ದು ಪಕ್ಕದ ಮಂಚದ ದರ್ಜಿ ಮನೆ ಅಜ್ಜಿ. ಎಲ್ಲರೂ ಕೈ ಮಗುಚಿ ನೋಡ್ಕೊಂಡ್ವಿ. ನೋಡೋಕೆ ಎಲ್ಲಾ ಕೈನೂ ಚೊಕ್ಕಟವೇ.

ಸಂಜೆಗೆ ದರ್ಜಿ ಅಜ್ಜಿಯ ಮೊಮ್ಮಗನೂ ತಣ್ಣಗಾದ. ಅವನ ತಾಯಿ ಎಳನೀರು ಕುಡಿದಿರಲಿಲ್ಲ, ಅವನಿಗೆ ನಾನು ಎಣ್ಣೆ ಹಚ್ಚಿರಲಿಲ್ಲ. ನಂಜಿಗೆ ಅಂತ ಇಬ್ಬರಿಗೂ ಕೊಟ್ಟಿದ್ದು ಅದೇ ಇಂಜೆಕ್ಷನ್ನು, ಚುಚ್ಚಿದ್ದು ಅದೇ ನರ್ಸು. ನಮ್ಮದು ಒಂದು ಬೆಳಿಗ್ಗೆ ಕಿರ್ರಂತ ಅತ್ತು ಮೊಲೆಗೆ ಬಾಯಿ ಹಾಕ್ತು. ಅವರದು ಉಳೀಲಿಲ್ಲ.

ಹೊರಡೋವಾಗ ಆ ಅಜ್ಜಿ ಸುಧಾಳ ಅಂಗಾಲು ಸವರಿ, "ಇದಾದ್ರೂ ಚೆನ್ನಾಗಿರ್ಲಿ ಕಣಮ್ಮ" ಅಂದಳು. ಅಂಥಾ ಹೊತ್ತಲ್ಲೂ ನಾನು ಅವಳ ಮುಖ ನೋಡಲಿಲ್ಲ, ಕೈ ನೋಡಿದೆ.

"ಸಾಕಜ್ಜಿ, ಒಣಗ್ತು, ತಗೋ," ಅಂತ ಸುಧಾ ಕೂಸನ್ನ ಮುಂದೆ ಚಾಚಿದಳು. ನಾನು ಅಂಗೈ ಮಗುಚಿ ನೋಡಿದೆ. ಏನೂ ಕಾಣಲಿಲ್ಲ. ಆಗಲೂ ಕಂಡಿರಲಿಲ್ಲ.

"ಇನ್ನೊಂದು ಸಲ ಸುರಿಯವ್ವ," ಅಂದೆ.