ಕೆಂಪಿ ಬಡಿಸಿದ ಊಟ

ರಾಗಿ ಸರಿ ಕಾಯಿಸುವುದನ್ನು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ. ನನ್ನ ಇಬ್ಬರು ಮಕ್ಕಳು ಅದೇ ಸರಿ ತಿಂದು ಬೆಳೆಯುತ್ತಿದ್ದಾಗ ಒಲೆಯ ಕಡೆ ತಿರುಗಿಯೂ ನೋಡದಿದ್ದ ಮನುಷ್ಯ ಈಗ ಸೌಟು ಹಿಡಿದು, ಗಂಟಾಗದ ಹಾಗೆ ತಿರುಗಿಸುತ್ತ ನಿಂತಿರುವುದನ್ನು ಹೆಂಡತಿ ಸರೋಜ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, “ನಿಮ್ಮ ಮಕ್ಳು ಮುಂದಿನ ಜನ್ಮದಲ್ಲಿ ನಾಯಿಮರಿಗಳಾಗಿ ಹುಟ್ಟೋದೇ ವಾಸಿ ಕಣ್ರೀ” ಅಂದಳು.

ಮರಿಗಳು ಕೆಂಪಿಯವು. ಕೊಡಿಗೇಹಳ್ಳಿಯಲ್ಲಿ ಒಂದು ಕಡೆ ಪಿಜಿ ಕಟ್ಟಡ, ಇನ್ನೊಂದು ಕಡೆ ಟೈರ್ ಅಂಗಡಿ ಎದ್ದು, ನಡುವೆ ಉಸಿರು ಬಿಗಿಹಿಡಿದು ಕೂತಿರುವ ಹಳೆಯ ಮನೆ ನಮ್ಮದು. ಹೊರಗಿನಿಂದ ತಾರಸಿಗೆ ಹತ್ತುವ ಮೆಟ್ಟಿಲ ಕೆಳಗೆ ಪೊರಕೆ, ಒಡೆದ ಬಕೆಟ್ಟು, ‘ಮುಂದೆ ಬೇಕಾದೀತು’ ಎಂದು ನಾನು ಇಟ್ಟುಕೊಂಡಿರುವ ಹಲಗೆಗಳು ಇರುತ್ತವೆ. ಅವುಗಳ ನಡುವೆ ಜಾಗ ಮಾಡಿಕೊಂಡು ಈ ಬೀದಿನಾಯಿ ನಾಲ್ಕು ಮರಿ ಹಾಕಿತು. ಅವಳನ್ನು ಓಡಿಸಬೇಕೆಂದು ನಾನು ಹೇಳಿದ್ದು ನಿಜ. ಆದರೆ ನಾನು ಹೇಳಿ ಮುಗಿಸುವಷ್ಟರಲ್ಲಿ ಸರೋಜ ನನ್ನದೇ ಹಳೆಯ ಪಂಚೆಯನ್ನು ಅವಳಿಗೆ ಹಾಸಿಯಾಗಿತ್ತು. ಎದುರು ಮನೆಯ ಅಮೀನಾ ಬಿ ಬಾಣಂತಿಗೆಂದು ಮಟನ್ ಸೂಪು ಕಳಿಸಿಯೂ ಆಗಿತ್ತು. ಗಂಡಸಿನ ಮಾತು ನಮ್ಮ ಬೀದಿಯಲ್ಲಿ ನಡೆಯುವುದು ಕಸದ ಗಾಡಿ ಬಂದಾಗ ಮಾತ್ರ.

ನಾಯಿ ಅಂದರೆ ನನಗೆ ಆಗುತ್ತಿರಲಿಲ್ಲ. ಮತ್ತಿಕೆರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದವನು. ತೊಳೆಯದ ಟೆಸ್ಟ್ ಟ್ಯೂಬ್ ಹಿಡಿದು ಬಂದ ಹುಡುಗರನ್ನು ಲ್ಯಾಬಿನಿಂದ ಆಚೆ ಕಳಿಸುತ್ತಿದ್ದವನು. ಶುಚಿಯಾಗಿಲ್ಲದ್ದೆಲ್ಲ ಸುಳ್ಳು ಎನ್ನುವ ಹಾಗೆ ಬದುಕಿದ ಮೇಲೆ ನಾಯಿಯ ನಾಲಿಗೆಯನ್ನು ನಂಬುವುದು ಹೇಗೆ? ಆದರೆ ಆ ನಾಲ್ಕರಲ್ಲಿ ಒಂದಕ್ಕೆ ಮುಂಗಾಲು ಎರಡೂ ಬೆಳ್ಳಗಿದ್ದವು. ಸ್ಕೂಲಿಗೆ ಹೊರಟು ನಿಂತ ಮಗುವಿನಂತೆ ಕಂಡಿತು. ಬಾಯಿ ತಪ್ಪಿ “ಸಾಕ್ಸ್” ಅಂದೆ. ಹೆಸರಿಡದೆ ಇದ್ದಿದ್ದರೆ ಬಚಾವಾಗುತ್ತಿದ್ದೆ. ಹೆಸರಿಟ್ಟ ಮೇಲೆ ಅದು ಕರೆದರೆ ಬರಬೇಕು, ಬಂದರೆ ಏನಾದರೂ ಕೊಡಬೇಕು, ಕೊಟ್ಟರೆ ನಾಳೆಯೂ ಕೊಡಬೇಕು. ವಾರ ಕಳೆಯುವಷ್ಟರಲ್ಲಿ, ಹಾಲು ಬಿಟ್ಟ ಮೇಲೆ ಸಾಕ್ಸ್ ನಮ್ಮ ಮನೆಯೊಳಗೇ ಇರುವುದು ಎಂದು ನಾನೇ ಘೋಷಿಸಿದ್ದೆ. ಅಷ್ಟು ಆಸೆಯಿಂದ ಏನನ್ನಾದರೂ ಕಾದು ಎಷ್ಟು ಕಾಲವಾಗಿತ್ತೋ ನನಗೇ ಗೊತ್ತಿಲ್ಲ.

ಮರಿಗಳಿಗೆ ಹಲ್ಲು ಬಂತು. ಸೂಜಿಯಂಥ ಹಲ್ಲುಗಳು. ಹಾಲು ಕುಡಿಯುತ್ತಿರುವಾಗಲೇ ಕೆಂಪಿ ಸರಕ್ಕನೆ ಎದ್ದು ನಡೆಯತೊಡಗಿದಳು. ಬಾಯಿ ಬಿಡದ ಒಂದೆರಡು ಮರಿಗಳು ಜೋತುಬಿದ್ದುಕೊಂಡೇ ನಾಲ್ಕು ಹೆಜ್ಜೆ ಹೋಗಿ ಉದುರುತ್ತಿದ್ದವು. ಹಾಲು ಬಿಡಿಸುವ ಕಾಲ ಬಂತು ಎಂದು ನಾನು ತೀರ್ಮಾನಿಸಿದೆ. ನೋಡಿ, ‘ನಾನು’ ತೀರ್ಮಾನಿಸಿದೆ. ತಾಯಿ ಅಲ್ಲೇ ಇದ್ದಳು, ಅವಳನ್ನು ಯಾರೂ ಕೇಳಲಿಲ್ಲ.

ಹಾಲು ಬಿಡಿಸುವುದು ನಮ್ಮ ಮನೆಗಳಲ್ಲೂ ಸಣ್ಣ ಕೆಲಸವಾಗಿರಲಿಲ್ಲ. ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಕೊಳ್ಳುತ್ತಿದ್ದರಂತೆ. ಕಹಿಗೆ ಮುಖ ಕಿವುಚಿದ ಮಗು ತಾಯಿಯನ್ನೇ ಅನುಮಾನದಿಂದ ನೋಡುತ್ತಿತ್ತಂತೆ. ಅನ್ನಪ್ರಾಶನಕ್ಕೆ ಬೆಳ್ಳಿ ಬಟ್ಟಲು, ಪುರೋಹಿತರು, ಸೋದರಮಾವ ಎಲ್ಲರೂ ಬೇಕು. ಮಗುವಿಗೆ ಸಿಗುವುದು ಬೆರಳ ತುದಿಯಷ್ಟು ಪಾಯಸ, ಉಳಿದ ಪಾತ್ರೆಯೆಲ್ಲ ಬಂದವರಿಗೆ. ಮನುಷ್ಯನ ಮರಿ ಮೊದಲ ತುತ್ತಿನಲ್ಲೇ ಸಮಾಜ ಅಂದರೇನೆಂದು ಕಲಿಯುತ್ತದೆ.

ನಮ್ಮ ಮೆಟ್ಟಿಲ ಕೆಳಗಿನ ಅನ್ನಪ್ರಾಶನಕ್ಕೆ ನಾನೇ ಪುರೋಹಿತ. ಫೋನಿನಲ್ಲಿ ವಿಡಿಯೋಗಳನ್ನು ನೋಡಿ, ಸರಿ ಕಾಯಿಸಿ, ಆರಿಸಿ, ಮೊಣಕೈಗೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಅಗಲವಾದ ತಟ್ಟೆಯಲ್ಲಿ ಬಡಿಸಿದೆ. ಮೊದಲನೆಯ ಮರಿ ತಟ್ಟೆಯೊಳಗೆ ನಡೆದು ಹೋಯಿತು. ಎರಡನೆಯದು ಅದರ ಕಾಲು ನೆಕ್ಕಿತು. ಮೂರನೆಯದು ಮೂಗಿನ ತುಂಬ ಸರಿ ಎಳೆದುಕೊಂಡು ಸೀನಿತು. ಸಾಕ್ಸ್ ತಟ್ಟೆಯ ಅಂಚಿನಲ್ಲಿ ಕೂತು ನನ್ನ ಮುಖ ನೋಡಿ ಆಕಳಿಸಿತು. ಕೊನೆಗೆ ಕೆಂಪಿ ಬಂದು ತಟ್ಟೆಯನ್ನೂ ಮಕ್ಕಳನ್ನೂ ಒಂದೇ ಸಮ ನೆಕ್ಕಿ ಚೊಕ್ಕಟ ಮಾಡಿದಳು. ಮಾರನೆಯ ದಿನವೂ ಅದೇ ಕಥೆ. ನನ್ನ ಕೈಯ ಅಡುಗೆ ಯಾರಿಗೂ ಬೇಡವಾಗಿತ್ತು.

ಆಮೇಲೆ ಒಂದು ಬೆಳಗ್ಗೆ ಕೆಂಪಿ ಬೀದಿಯೆಲ್ಲ ಸುತ್ತಿ ಬಂದವಳು ಮರಿಗಳ ಮುಂದೆ ನಿಂತು, ಹೊಟ್ಟೆ ಹಿಂಡಿದಂತೆ ಮಾಡಿ, ತಿಂದದ್ದನ್ನೆಲ್ಲ ಕಕ್ಕಿಬಿಟ್ಟಳು. ಅನ್ನ, ಮಾಂಸದ ಚೂರು, ಇನ್ನೇನೇನೋ. ಮರಿಗಳು ಒಂದರ ಮೇಲೊಂದು ಬಿದ್ದು ಅದಕ್ಕೆ ಬಾಯಿ ಹಾಕಿದವು. ನನ್ನ ಸರಿಗೆ ಆಕಳಿಸಿದ್ದ ಸಾಕ್ಸ್ ಎಲ್ಲರಿಗಿಂತ ಮುಂದೆ.

ನಾನು ಕಿರುಚಿಕೊಂಡೆ. ಮರಿಗಳನ್ನು ಎತ್ತಿ ಬಕೆಟ್ಟಿನಲ್ಲಿ ಹಾಕಿದೆ, ಕೆಂಪಿಯನ್ನು ಗದರಿದೆ, ನೀರು ಹೊಯ್ದೆ, ಫಿನಾಯಿಲ್ ಸುರಿದು ಗಸಗಸ ಉಜ್ಜಿದೆ. ಎಲ್ಲಿಯೋ ಹಳಸಿದ್ದು ತಿಂದಿದ್ದಾಳೆ ಎಂದುಕೊಂಡೆ. ಸಂಜೆ ಮತ್ತೆ ಕಕ್ಕಿದಳು, ಮತ್ತೆ ತೊಳೆದೆ. ಮಾರನೆಯ ದಿನವೂ ಅಷ್ಟೆ.

“ಕಾಯಿಲೆಯವಳ ಹಾಗೆ ಕಾಣ್ತಿಲ್ವಲ್ರೀ. ಬಾಲ ಅಲ್ಲಾಡಿಸ್ಕೊಂಡು ನಿಂತಿದಾಳೆ” ಎಂದಳು ಸರೋಜ.

ಅಮೀನಾ ಬಿ ಗೇಟಿನ ಆಚೆಯಿಂದ, “ಅಣ್ಣಾ, ಯಾಕಣ್ಣಾ ಪಾಪ ಅವಳನ್ನ ಬೈತೀರಾ? ಮೊದಲೇ ಬಾಣಂತಿ” ಎಂದರು.

ಇಬ್ಬರಿಗೂ ನಾನು ಬ್ಯಾಕ್ಟೀರಿಯಾದ ಬಗ್ಗೆ ಉಪನ್ಯಾಸ ಕೊಟ್ಟೆ. ಕೆಂಪಿ ಮಾತ್ರ ಉಪನ್ಯಾಸ ಕೇಳಲಿಲ್ಲ. ಸ್ವಲ್ಪ ದೂರದಲ್ಲಿ ನಿಂತು ನನ್ನ ಪೊರಕೆಯನ್ನೇ ನೋಡುತ್ತಿದ್ದಳು.

ಔಷಧಿ ಕೇಳೋಣವೆಂದು ಗಿರೀಶನಿಗೆ ಫೋನ್ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ, ಈಗ ಹೆಬ್ಬಾಳದ ಹತ್ತಿರ ಪ್ರಾಣಿಗಳ ಡಾಕ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ನಕ್ಕ.

“ಸಾರ್, ಅದು ವಾಂತಿ ಅಲ್ಲ, ಊಟ. ಹಾಲು ಬಿಡಿಸೋ ಟೈಮಲ್ಲಿ ಕೆಲವು ತಾಯಂದಿರು ಹಿಂಗೇ ಮಾಡೋದು. ತಾವು ತಿಂದು, ಹೊಟ್ಟೇಲಿ ಮೆತ್ತಗೆ ಮಾಡ್ಕೊಂಡ್ ಬಂದು ಮರಿಗಳಿಗೆ ಕೊಡ್ತವೆ. ಒಳ್ಳೇ ತಾಯಿ ಸಾರ್ ಅವಳು. ನೀವೇನ್ ಮಾಡಿದ್ರಿ?”

“ತೊಳೆದೆ.”

“ನೀರಲ್ಲಿ ತಾನೇ?”

“ಫಿನಾಯಿಲ್‌ನಲ್ಲಿ.”

ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಹುಡುಗನಿಗೆ ಮೇಷ್ಟ್ರು ಸಮಾಧಾನ ಹೇಳುವ ಹಾಗೆ ಅವನು, “ಹೋಗ್ಲಿ ಬಿಡಿ ಸಾರ್, ಇನ್ಮೇಲೆ ತೊಳೀಬೇಡಿ, ಅಷ್ಟೇ” ಎಂದ.

ಫೋನ್ ಕೆಳಗಿಟ್ಟಾಗ ನೆನಪಾದದ್ದು ನನ್ನ ಅಜ್ಜಿ. ನನಗೆ ಹಲ್ಲು ಪೂರ್ತಿ ಬರುವ ಮೊದಲು ಅಜ್ಜಿ ಚಕ್ಕುಲಿಯನ್ನು ತನ್ನ ಬಾಯಲ್ಲಿ ಅಗಿದು, ನುಣ್ಣಗೆ ಮಾಡಿ, ನನ್ನ ಬಾಯಿಗೆ ಇಡುತ್ತಿದ್ದಳಂತೆ. ಎಲೆಅಡಿಕೆಯ ಬಾಯಿ ಬೇರೆ. ಬೇರೆ ಯಾರು ಕೊಟ್ಟರೂ ಉಗಿಯುತ್ತಿದ್ದವನು ಅಜ್ಜಿ ಕೊಟ್ಟರೆ ಮಾತ್ರ ನುಂಗುತ್ತಿದ್ದೆನೆಂದು ಅಮ್ಮ ಸಾಯುವವರೆಗೂ ಹೇಳಿ ನಗುತ್ತಿದ್ದಳು. ಅಜ್ಜಿಯ ಬಾಯಿಗೆ ಯಾರೂ ಫಿನಾಯಿಲ್ ಹಾಕಲಿಲ್ಲ. ನಾನು ಬದುಕಿ, ಬೆಳೆದು, ಎಂ.ಎಸ್ಸಿ. ಮಾಡಿ, ಶುಚಿತ್ವದ ಬಗ್ಗೆ ಮಾತಾಡುವಷ್ಟು ದೊಡ್ಡವನಾದೆ.

ಅವಸರದಲ್ಲಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋದೆ. ಕೆಂಪಿಗೆ ಏನು ಹೇಳುವವನಿದ್ದೆನೋ ಗೊತ್ತಿಲ್ಲ, ಏನೋ ಹೇಳಬೇಕಿತ್ತು. ಮೆಟ್ಟಿಲ ಕೆಳಗೆ ನನ್ನ ಪಂಚೆ ಮಾತ್ರ ಇತ್ತು. ಮರಿಗಳಿರಲಿಲ್ಲ. ಇಡೀ ಜಾಗ ಫಿನಾಯಿಲ್ ನಾರುತ್ತಿತ್ತು. ಒಂದೊಂದನ್ನೇ ಕತ್ತು ಕಚ್ಚಿ ಎತ್ತಿಕೊಂಡು ಕೆಂಪಿ ಗೇಟು ದಾಟಿದ್ದನ್ನು ಪಿಜಿಯ ಅಡುಗೆಯವರು ಕಂಡಿದ್ದರಂತೆ. ಯಾವ ಕಡೆ ಹೋದಳೆಂದು ಯಾರೂ ಗಮನಿಸಿರಲಿಲ್ಲ.

ಹುಡುಕಿದೆ. ಟೈರ್ ಅಂಗಡಿಯ ಹಿಂದೆ, ಖಾಲಿ ಸೈಟಿನ ಲಂಟಾನ ಪೊದೆಯೊಳಗೆ, ಮೋರಿಯ ಪೈಪುಗಳಲ್ಲಿ ಬಗ್ಗಿ ಬಗ್ಗಿ “ಸಾಕ್ಸ್, ಸಾಕ್ಸ್” ಎಂದು ಕರೆದೆ. ಯಾರೋ ದಾರಿಹೋಕರು ನಿಂತು, “ಸಾಕ್ಸ್ ಕಳಕೊಂಡ್ರಾ ಅಂಕಲ್?” ಎಂದು ಕೇಳಿದರು. ಏರ್‌ಪೋರ್ಟ್ ರಸ್ತೆಯಲ್ಲಿ ಗಾಡಿಗಳು ಓಡುವ ಕಡೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಅಲ್ಲಿ ಏನನ್ನೂ ಕಾಣುವುದು ಬೇಡವೆಂದು ದೇವರನ್ನು ಕೇಳಿಕೊಂಡು ಮನೆಗೆ ಬಂದೆ.

ಮಾರನೆಯ ದಿನ ಮಧ್ಯಾಹ್ನ ಕೆಂಪಿ ಒಬ್ಬಳೇ ಬಂದಳು. ಹಾಕಿದ್ದನ್ನು ಗಬಗಬ ನುಂಗಿ, ಹಿಂದಿರುಗಿ ನೋಡದೆ ಹೊರಟಳು. ನಾನು ಹಿಂದೆಯೇ ಹೊರಟೆ. ಟೈರ್ ಅಂಗಡಿಯವರೆಗೆ ನಡೆದವಳು ಅಲ್ಲಿ ಕೂತು, ಕಿವಿ ಕೆರೆದುಕೊಂಡು, ಎಲ್ಲಿಗೂ ಹೋಗುವ ಕೆಲಸವೇ ಇಲ್ಲದವಳಂತೆ ಬಸ್ಸುಗಳನ್ನು ನೋಡತೊಡಗಿದಳು. ನಾನು ನಿಂತೆ, ಅವಳು ಕೂತಳು. ನಾನಿರುವವರೆಗೆ ಅವಳು ಏಳುವುದಿಲ್ಲ, ಅಲ್ಲಿಯವರೆಗೆ ಮರಿಗಳು ಹಸಿದಿರುತ್ತವೆ ಎಂದು ತಡವಾಗಿಯಾದರೂ ನನಗೆ ಹೊಳೆಯಿತು. ತಿರುಗಿ ನಡೆದೆ. ಮನೆಯ ಗೇಟಿನ ಹತ್ತಿರ ಬಂದು ನೋಡಿದರೆ ಅವಳಿರಲಿಲ್ಲ.

“ಬಿಡಿ ಅಣ್ಣಾ. ಅವಳ ಮಕ್ಳು, ಅವಳೇ ನೋಡ್ಕೊತಾಳೆ. ತಿನ್ನೋಕೆ ಬರ್ತಾಳೆ ಅಂದ್ರೆ ತಿನ್ಸೋಕೆ ಮರಿಗಳು ಇದಾವೆ ಅಂತ ತಾನೇ?” ಎಂದರು ಅಮೀನಾ ಬಿ. ಆ ಮಾತನ್ನು ನಾನು ಈಗಲೂ ಹಿಡಿದುಕೊಂಡಿದ್ದೇನೆ.

ನನಗೆ ನಿಜವಾಗಿ ನೋವಾಗುವುದು ಸಾಕ್ಸ್ ನನ್ನದಾಗಲಿಲ್ಲ ಎಂಬುದಕ್ಕಲ್ಲ, ಅಥವಾ ಅದಕ್ಕೆ ಮಾತ್ರವಲ್ಲ. ಆ ಮರಿ ಮೊದಲ ಸಲ ಅನ್ನ ತಿನ್ನುವುದನ್ನು ಕಣ್ಣಾರೆ ನೋಡಬೇಕೆಂದು ಎಷ್ಟೊಂದು ಸಡಗರಪಟ್ಟೆ. ನೋಡಿದೆ ಕೂಡ. ನೋಡುತ್ತಲೇ ಅದರ ಬಾಯಿಂದ ಕಿತ್ತು ಮೋರಿಗೆ ತೊಳೆದುಬಿಟ್ಟೆ. ಕೆಂಪಿ ಬೀದಿಬೀದಿ ಅಲೆದು ಹೊತ್ತು ತಂದದ್ದನ್ನು. ಇದನ್ನು ಯಾವ ನೀರಿನಿಂದ ತೊಳೆಯುವುದೋ ಗೊತ್ತಿಲ್ಲ.

ಈಗ ನಾನು ಸರಿ ಕಾಯಿಸುವುದಿಲ್ಲ. ಮಸಾಲೆಯಿಲ್ಲದೆ ಬೇಯಿಸಿದ ಕೋಳಿಯನ್ನು ಅನ್ನದ ಜೊತೆ ಮೆತ್ತಗೆ ಕಲಸಿ, ಒಂದು ನಾಯಿಯ ಹೊಟ್ಟೆಗೆ ಹಿಡಿಸುವುದಕ್ಕಿಂತ ಹೆಚ್ಚಾಗಿಯೇ ಗೇಟಿನ ಹತ್ತಿರ ಇಟ್ಟು ಒಳಗೆ ಬಂದುಬಿಡುತ್ತೇನೆ. ನನ್ನನ್ನು ಕಂಡರೆ ಅವಳು ಅರ್ಧಕ್ಕೇ ನಿಲ್ಲಿಸುತ್ತಾಳೆ. ಆದ್ದರಿಂದ ಕಿಟಕಿಯ ಪರದೆ ಸ್ವಲ್ಪ ಸರಿಸಿ ನೋಡುವುದು. ನಿನ್ನೆ ಅವಳು ತಟ್ಟೆ ಬಳಿದು ಮುಗಿಸಿ, ತುಂಬಿದ ಹೊಟ್ಟೆ ಹೊತ್ತುಕೊಂಡು ಗೇಟಿನಾಚೆ ಹೆಜ್ಜೆ ಇಟ್ಟವಳು ಯಾಕೋ ಒಂದು ಗಳಿಗೆ ನಿಂತಳು.

“ಬೇಗ ಹೋಗಮ್ಮಾ, ಮಕ್ಳ ಊಟ ಆರಿಹೋಗುತ್ತೆ” ಎಂದೆ ಪರದೆಯ ಹಿಂದಿನಿಂದ.