ನೀವ ಕುಂದ್ರಿ, ನೀವ ಕುಂದ್ರಿ

ನಮ್ಮ ಕಡೆ ಯಾರ ಮನೆಗಾದರೂ ಹೋದರೆ ನಿಮ್ಮ ಹೆಸರು ಕೇಳುವ ಮೊದಲು 'ಬರ್ರಿ, ಕುಂದ್ರಿ' ಎನ್ನುತ್ತಾರೆ. ನೀವು ಬೀಗರೋ, ಕರೆಂಟಿನ ಮೀಟರು ನೋಡಲು ಬಂದವರೋ, ಮನೆ ತಪ್ಪಿ ಬಂದವರೋ, ಅದೆಲ್ಲ ಆಮೇಲಿನ ವಿಚಾರ. ಆದರೆ ಅವರು ಕುಂದ್ರಿ ಎಂದ ಕೂಡಲೇ ನೀವು ಕುಳಿತುಬಿಡಬಾರದು. 'ಇರ್ಲಿ ಬಿಡ್ರಿ, ನಿಂತ ಮಾತಾಡಿ ಹೋಗ್ತೇನಿ' ಎನ್ನಬೇಕು. ಅವರು 'ಅಯ್ಯ, ಕುಂದ್ರಿ ಅಂದ್ರ' ಎನ್ನಬೇಕು. ನೀವು 'ಲಗೂ ಹೋಗೂದೈತ್ರಿ' ಎಂದು ಬಾಗಿಲ ಕಡೆ ಸುಮ್ಮನೆ ಒಮ್ಮೆ ನೋಡಬೇಕು. ಮೂರನೆಯ ಸಲಕ್ಕೆ ಕುಳಿತರೆ ನೀವು ಒಳ್ಳೆಯ ಮನೆತನದವರು. ಮೊದಲ ಮಾತಿಗೇ ಕುಳಿತಿರೋ, ನೀವು ಹೋದ ಮೇಲೆ ನಿಮ್ಮ ಹಿಂದೆ ನಾಲ್ಕು ಮಾತು ತಪ್ಪಿದ್ದಲ್ಲ.

ಹಾಗೆಂದು ನಾವು ಯಾವಾಗಲೂ ಇಷ್ಟು ಮರ್ಯಾದಸ್ಥರು ಎಂದು ತಿಳಿಯಬೇಡಿ. ಬಸ್ಸಿನ ಮಾತೇ ಬೇರೆ. ಶನಿವಾರ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗುವ ಬಸ್ಸು ನಿಲ್ದಾಣದೊಳಗೆ ಪೂರ್ತಿ ತಿರುಗುವ ಮೊದಲೇ ಅದರ ಕಿಟಕಿಗಳಲ್ಲಿ ಟವೆಲ್ಲು, ಕರ್ಚೀಫು, ಕಾಯಿಚೀಲ ಎಲ್ಲವೂ ಒಳಗೆ ಹೋಗಿ ಸೀಟು ಹಿಡಿದಿರುತ್ತವೆ. ಒಮ್ಮೆ ಒಬ್ಬಾಕೆ ಕೈಕೂಸನ್ನೇ ಕಿಟಕಿಯಿಂದ ಒಳಗೆ ಕೊಟ್ಟು, 'ಅಣ್ಣಾರ, ಇದನ್ನ ಆ ಸೀಟಿನ ಮ್ಯಾಲ ಇಡ್ರಿ' ಎಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಹೆಣ್ಣುಮಗಳ ಮನೆಗೆ ನೀವು ಹೋಗಿ ನೋಡಿ. ನೀವು ಕೂರುವ ತನಕ ಆಕೆ ಕೂರುವುದಿಲ್ಲ.

ಈ ಪುರಾಣ ಯಾಕೆಂದರೆ, ಕೂರಲು ಬಾರದ್ದಕ್ಕೆ ನಾನು ಒಂದು ಕೆಲಸವನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ನಾನು ಬ್ಯಾಡಗಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ತಲೆ ಹಣ್ಣಾಗುವಷ್ಟು ಕಾಲ ಕೆಲಸ ಮಾಡಿದವಳು. ಎಲ್ಲರೂ ನನ್ನನ್ನು ಗಿರಿಜಕ್ಕ ಎನ್ನುತ್ತಾರೆ. ಈಚೆಗೆ ನಮ್ಮ ಸಂಘವನ್ನೂ ರಾಣೆಬೆನ್ನೂರಿನ ಇನ್ನೊಂದು ಸಂಘವನ್ನೂ ಕೂಡಿಸಿ, ಹಾವೇರಿಯಲ್ಲಿ ಒಂದೇ ಮುಖ್ಯ ಕಚೇರಿ ಮಾಡಿದರು. ಎರಡು ಸಂಘ ಇದ್ದಾಗ ಇಬ್ಬರು ಮ್ಯಾನೇಜರು: ಇಲ್ಲಿ ನಾನು, ಅಲ್ಲಿ ಚಂದ್ರಶೇಖರಪ್ಪ. ಈಗ ಸಂಘ ಒಂದು, ಮ್ಯಾನೇಜರ ಕುರ್ಚಿಯೂ ಒಂದು.

ಅಧ್ಯಕ್ಷ ವೀರಭದ್ರಪ್ಪನವರು ಮೊದಲು ನನಗೇ ಫೋನು ಮಾಡಿದರು. ಮನಸ್ಸಿನಲ್ಲಿ ನನಗೆ ಆ ಕೆಲಸ ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಬಾಯಿ ತನ್ನ ರೂಢಿಯಂತೆ, 'ನನಗ್ಯಾಕ್ರಿ, ಚಂದ್ರಶೇಖರಪ್ಪನವರು ಹಿರಿಯರದಾರ, ಅವರಿಗೆ ಕೊಡ್ರಿ' ಎಂದಿತು. ಅವರು ಇನ್ನೆರಡು ಸಲ ಒತ್ತಾಯ ಮಾಡುತ್ತಾರೆಂದು ನಾನು ಫೋನು ಕಿವಿಗೆ ಹಿಡಿದೇ ನಿಂತಿದ್ದೆ. ಅವರು 'ಆತು' ಎಂದು ಇಟ್ಟುಬಿಟ್ಟರು. ಆಮೇಲೆ ತಿಳಿಯಿತು, ಚಂದ್ರಶೇಖರಪ್ಪನವರೂ 'ಛೆ ಛೆ, ಗಿರಿಜಕ್ಕನ ಮುಂದ ನಾ ಎಷ್ಟರವನ್ರಿ' ಎಂದರಂತೆ. ಹೀಗೆ ಆ ಕುರ್ಚಿಯನ್ನು ನಾನು ಅವರ ಕಡೆ, ಅವರು ನನ್ನ ಕಡೆ ತಳ್ಳುತ್ತ ತಿಂಗಳುಗಳೇ ಕಳೆದವು. ನನ್ನ ಗಂಡ ಒಂದು ದಿನ ತಾಳ್ಮೆ ತಪ್ಪಿ, 'ಬೇಕಾದ್ರ ಬೇಕನ್ನು, ಬ್ಯಾಡಾದ್ರ ಬ್ಯಾಡನ್ನು. ಅದೇನು ಬೀಗರ ಮನಿ ಏನು?' ಎಂದರು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನದು.

ಇಂಥ ಹೊತ್ತಿನಲ್ಲಿ ಎರಡೂ ಕಡೆಯ ಸಿಬ್ಬಂದಿಗೆ ಹಾವೇರಿಯಲ್ಲಿ ಒಂದು ದಿನದ ತರಬೇತಿ ಇಟ್ಟರು. ಬೆಳಿಗ್ಗೆ ಚಹಾ ಕುಡಿಯುವಾಗ ವೀರಭದ್ರಪ್ಪನವರು ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. 'ಇವತ್ತ ಸಂಜೀಮಟಾ ನೋಡ್ತೇನಿ. ನಿಮ್ಮಿಬ್ಬರಾಗ ಯಾರೂ ಹೂಂ ಅನ್ನಲಿಲ್ಲಂದ್ರ ಹುಬ್ಬಳ್ಳಿಯಿಂದ ಒಬ್ಬಾವನ್ನ ತಂದು ಕುಂದರಸ್ತೇನಿ' ಎಂದರು. ನಾವಿಬ್ಬರೂ ತಲೆ ತಗ್ಗಿಸಿ ಬಿಸ್ಕೀಟು ಅದ್ದಿದೆವು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬುದು ಹಳೆಯ ಮಾತು. ಇಬ್ಬರ ಮರ್ಯಾದೆಯಲ್ಲೂ ಅವನಿಗೇ ಲಾಭ ಎಂದು ಆವತ್ತು ಹೊಳೆಯಿತು.

ತರಬೇತಿ ಕೊಡಲು ಬಂದವಳು ಮೈಸೂರು ಕಡೆಯ ಹುಡುಗಿ, ಹೆಸರು ಮೇಘನಾ. ಒಳಗೆ ಬಂದು ನೋಡಿದಳು. ಬ್ಯಾಡಗಿಯವರು ಎಡಕ್ಕೆ, ರಾಣೆಬೆನ್ನೂರಿನವರು ಬಲಕ್ಕೆ, ನಡುವೆ ಒಂದು ಚಕ್ಕಡಿ ಹೋಗುವಷ್ಟು ಜಾಗ. 'ಮೊದಲು ಐಸ್ ಬ್ರೇಕ್ ಮಾಡೋಣ' ಎಂದಳು. ನಮ್ಮ ಕ್ಯಾಶಿಯರ್ ನಾಗರಾಜ ನನ್ನ ಕಿವಿಯಲ್ಲಿ, 'ಅಕ್ಕಾರ, ಐಸ್ ಎಲ್ಲೈತ್ರಿ?' ಎಂದು ಕೇಳಿದ. ಅವನ ತಪ್ಪೇನಿಲ್ಲ. ಅಂಗಳ ತುಂಬ ಮೆಣಸಿನಕಾಯಿ ಒಣಗುವ ಊರಿನವರು ನಾವು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಸುತ್ತಿ ಇಟ್ಟದ್ದನ್ನು ಬಿಟ್ಟರೆ ನಮಗೆ ಐಸಿನ ಸಂಬಂಧವೇ ಇಲ್ಲ. ಅಪರಿಚಿತರ ನಡುವೆ ಹಿಮ ಕಟ್ಟಿರುತ್ತದೆ, ಅದನ್ನು ಒಡೆಯಬೇಕು ಎಂಬುದು ಚಳಿ ದೇಶದವರ ಕಲ್ಪನೆ ಇರಬೇಕು. ನಮ್ಮಲ್ಲಿ ಅಪರಿಚಿತರೆಂದರೆ ಇನ್ನೂ ಬೀಗತನ ಪತ್ತೆಯಾಗದವರು, ಅಷ್ಟೇ.

ಆಟ ಯಾವುದೆಂದರೆ ಸಂಗೀತ ಕುರ್ಚಿ. ನಡುವೆ ಕುರ್ಚಿಗಳನ್ನು ದುಂಡಗೆ ಇಟ್ಟು, ಇದ್ದ ಜನಕ್ಕಿಂತ ಒಂದು ಕಡಿಮೆ ಮಾಡಿ, ಮೊಬೈಲಿನಲ್ಲಿ ಹಾಡು ಹಚ್ಚಿದಳು. ನಾವು ಸುತ್ತತೊಡಗಿದೆವು, ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಷ್ಟು ಭಕ್ತಿಯಿಂದ. ಹಾಡು ನಿಂತಿತು. ಯಾರೂ ಕೂರಲಿಲ್ಲ. ಎಲ್ಲರೂ ಒಂದೊಂದು ಕುರ್ಚಿಯ ಬೆನ್ನು ಹಿಡಿದು ಇನ್ನೊಬ್ಬರನ್ನು ಕರೆಯುತ್ತಿದ್ದರು. ನಾಗರಾಜ ಕರ್ಚೀಫಿನಿಂದ ಕುರ್ಚಿ ಒರೆಸಿ, ರಾಣೆಬೆನ್ನೂರಿನ ಲೆಕ್ಕಿಗರಾದ ಹುಲಿಗೆಮ್ಮನವರಿಗೆ 'ಬರ್ರಿ ಅಕ್ಕಾರ, ಇಲ್ಲಿ ಫ್ಯಾನ್ ಗಾಳಿ ಬರ್ತೈತಿ' ಎನ್ನುತ್ತಿದ್ದ. ಹುಲಿಗೆಮ್ಮ, 'ನೀ ಕುಂದ್ರಪಾ, ಮುಂಜಾನೆಯಿಂದ ಓಡ್ಯಾಡಾಕತ್ತೀದಿ' ಎನ್ನುತ್ತಿದ್ದರು.

ಮೇಘನಾ ಮತ್ತೆ ನಿಯಮ ಹೇಳಿದಳು. 'ಬೇರೆಯವರಿಗೆ ಬಿಟ್ಟುಕೊಡೋ ಹಾಗಿಲ್ಲ. ನೀವು ನೀವೇ ಕೂತ್ಕೋಬೇಕು.'

'ಅದು ಹೆಂಗ್ರಿ ಮೇಡಂ' ಎಂದ ನಾಗರಾಜ, ನಿಜವಾಗಿ ಕಳವಳಗೊಂಡು. 'ಹಿರಿಯರು ನಿಂತಿರ್ತಾರ, ನಾವು ಕುಂದ್ರೂದೇನ್ರಿ?'

ನನಗೆ ಆಗ ನಮ್ಮಜ್ಜನ ಮನೆಯ ಕಂಬಳಿ ನೆನಪಾಯಿತು. ಬಂದವರಿಗೆ ಕಂಬಳಿ ಹಾಸುವುದು ನಮ್ಮ ಪದ್ಧತಿ. ಕುರಿ ಸಾಕುವ ಸೀಮೆ ಇದು, ಕಂಬಳಿಗೆ ಬರವಿಲ್ಲ. ಕಂಬಳಿಯ ಒಂದು ದೊಡ್ಡ ಗುಣವೆಂದರೆ ಅದರ ಮೇಲೆ ಎಷ್ಟು ಜನ ಎಂಬ ಲೆಕ್ಕವಿಲ್ಲ. ಇಬ್ಬರು ಕೂತಲ್ಲಿ ಮೂರನೆಯವರು ಬಂದರೆ 'ಸ್ವಲ್ಪ ಸರೀರಿ' ಎಂದರಾಯಿತು. ಕುರ್ಚಿ ಬಂದ ಮೇಲೆಯೇ ಒಬ್ಬರು ಕೂರುವುದು, ಒಬ್ಬರು ನಿಲ್ಲುವುದು ಶುರುವಾದದ್ದು. ಕುರ್ಚಿ ಬಂದಿತು, ನಮ್ಮ ಮಾತು ಮಾತ್ರ ಕಂಬಳಿಯ ಕಾಲದಲ್ಲೇ ಉಳಿಯಿತು. ರಾಜರಿಗೆ ಸಿಂಹಾಸನವಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅದಕ್ಕಾಗಿ ಅವರ ಮನೆಯಲ್ಲಿ ಅಣ್ಣತಮ್ಮಂದಿರು ಏನೇನು ಮಾಡಿಕೊಂಡರೆಂಬುದೂ ನಿಮಗೆ ಗೊತ್ತು.

ಆಟ ಮುಂದುವರಿಯಿತು, ಆದರೆ ತಿರುವುಮುರುವಾಗಿ. ಕುರ್ಚಿ ಸಿಗದವರು ಔಟು ಎಂದು ತಿಳಿದದ್ದೇ ತಡ, ಕಿರಿಯರೆಲ್ಲ ಔಟಾಗಲು ಪೈಪೋಟಿಗೆ ಬಿದ್ದರು. 'ನಾ ಔಟ್ರಿ', 'ಇಲ್ಲ ಇಲ್ಲ, ನಾ ಮೊದಲ ಔಟ್ರಿ' ಎನ್ನುತ್ತ ಒಬ್ಬೊಬ್ಬರೇ ಹೊರಗೆ ನಡೆದರು. ಔಟಾದವರು ಗೋಡೆಯ ಹತ್ತಿರ ಎಡಬಲ ಮರೆತು ಕಲೆತು ನಿಂತು ನಗತೊಡಗಿದ್ದರು. ಹುಲಿಗೆಮ್ಮ ಆಗಲೇ ನಾಗರಾಜನ ಹೆಂಡತಿಯ ತವರೂರು ಗಳಗನಾಥ ಎಂದು ಪತ್ತೆ ಹಚ್ಚಿ, 'ಹಂಗಾರ ನೀವು ನಮ್ಮವರ ಆದ್ರಿ' ಎಂದಿದ್ದರು. ಹಿಮ ಒಡೆಯಿತು, ನಿಜ. ಆದರೆ ಹೀಗೆ ಎಲ್ಲರೂ ಹಿರಿಯರಿಗೆ ಬಿಟ್ಟುಕೊಡುತ್ತ ಹೋದರೆ ಕೊನೆಗೆ ಉಳಿಯುವವರು ಯಾರು ಎಂದು ನಾನು ಯೋಚಿಸಿರಲಿಲ್ಲ. ಒಮ್ಮೆ ಹಾಡು ನಿಂತಾಗ ತಲೆ ಎತ್ತಿ ನೋಡುತ್ತೇನೆ, ನಡುವೆ ಒಂದೇ ಕುರ್ಚಿ. ಅದರ ಈ ಕಡೆ ನಾನು, ಆ ಕಡೆ ಚಂದ್ರಶೇಖರಪ್ಪ.

ಗೋಡೆಯ ಹತ್ತಿರ ನಗೆ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ವೀರಭದ್ರಪ್ಪನವರು ಕನ್ನಡಕ ಸರಿಮಾಡಿಕೊಂಡರು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು ಆ ಇನ್ನೊಂದು ಕುರ್ಚಿಯ ವಿಷಯ, ಮೇಘನಾ ಒಬ್ಬಳನ್ನು ಬಿಟ್ಟು.

'ಕುಂದ್ರಿ ಗಿರಿಜಕ್ಕ' ಎಂದರು ಚಂದ್ರಶೇಖರಪ್ಪ.

'ಛೆ, ನೀವ ಕುಂದ್ರಿ ಸರ್ರ.'

'ನೀವು ಹಿರಿಯರು.'

'ಹಿರಿಯರು ನೀವ್ರಿ.'

ಹೀಗೆ ನಡೆದೇ ಇತ್ತು. ಇದು ಆಟದಲ್ಲಿ ಮುಗಿಯುವುದಿಲ್ಲ, ಸಂಜೆಯವರೆಗೂ ಹೀಗೇ ಎನ್ನುತ್ತೇವೆ, ಕತ್ತಲಾಗುವಷ್ಟರಲ್ಲಿ ಹುಬ್ಬಳ್ಳಿಯವನು ಬಂದು ಕೂರುತ್ತಾನೆ ಎಂದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಆ ಹುಬ್ಬಳ್ಳಿಯವನು ಯಾರೋ ಪಾಪ, ಅವನ ಮೇಲೆ ಕೂಡ ಸಿಟ್ಟು ಬಂತು.

ಮೇಘನಾ ಬೆಳಗಿನಿಂದ ನಿಂತು ದಣಿದಿದ್ದಳು. 'ಸರ್, ಮೇಡಂ, ನಿಮ್ಮಿಬ್ಬರಿಗೂ ಬೇಡ ಅಂದ್ರೆ ನಾನು ಇದನ್ನ ತೆಗೆದುಬಿಡ್ತೀನಿ' ಎಂದು ಕುರ್ಚಿಯನ್ನು ಎತ್ತಿಯೇಬಿಟ್ಟಳು. ಅದರ ಕಾಲು ನೆಲ ಬಿಟ್ಟದ್ದೇ ತಡ, ನಾನು ಅದರ ಬೆನ್ನು ಹಿಡಿದುಕೊಂಡೆ.

'ಇಡ್ರಿ ಅದನ್ನ' ಎಂದೆ. ಅವಳು ಇಟ್ಟಳು. ನಾನು ಕುಳಿತೆ.

ಚಪ್ಪಾಳೆ ಬಂತು, ರಾಣೆಬೆನ್ನೂರಿನವರಿಂದಲೂ. ವೀರಭದ್ರಪ್ಪನವರು ಕೂತಲ್ಲಿಂದಲೇ ಕೇಳಿದರು, 'ಹಂಗಾರ ಗಿರಿಜಕ್ಕ, ಮ್ಯಾನೇಜರ್ ಕೆಲಸಾನೂ ನೀವ ಮಾಡ್ತೀರೇನು?'

'ಮಾಡ್ತೇನ್ರಿ. ನನಗ ಬೇಕಾಗೇತ್ರಿ' ಎಂದೆ. ಆ ಮಾತು ಇಷ್ಟು ಸಣ್ಣದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತೇ ಎಂದು ಕೇಳುತ್ತೀರೇನೋ. ಇಲ್ಲ, ಖುಷಿಯಾಯಿತು. ಕುರ್ಚಿ ಪ್ಲಾಸ್ಟಿಕ್ಕಿನದು, ಒಂದು ಕಾಲು ಅಲುಗಾಡುತ್ತಿತ್ತು, ಆದರೂ ಊಟದ ಹೊತ್ತಿನವರೆಗೆ ನಾನು ಅದರಿಂದ ಏಳಲಿಲ್ಲ.

ಊಟಕ್ಕೆ ಚಂದ್ರಶೇಖರಪ್ಪ ನನ್ನ ಪಕ್ಕದಲ್ಲೇ ಬಂದು ಕೂತರು. ಅವರು ಬದನೆಕಾಯಿ ಎಣ್ಣೆಗಾಯಿಯನ್ನು ರೊಟ್ಟಿಯ ತುಂಡಿಗೆ ಹಚ್ಚಿಕೊಳ್ಳುತ್ತ, ಯಾರಿಗೂ ಕೇಳದ ಹಾಗೆ, 'ಖರೇ ಒಂದು ಮಾತು ಹೇಳ್ಲೇನ್ರಿ?' ಎಂದರು. 'ಇನ್ನೊಂದ ಸಲಾ ನೀವು ಕುಂದ್ರಿ ಅಂದಿದ್ರ, ನಾ ಕುಂತಬಿಡಾವ ಇದ್ದೆ.'

ಆ ಇನ್ನೊಂದು ಸಲದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತೆಂದು ನಾನು ಅವರಿಗೆ ಹೇಳಲಿಲ್ಲ. ನಮ್ಮಿಬ್ಬರಿಗೂ ಒಮ್ಮೆಲೇ ನಗು ಬಂತು. ನಕ್ಕು ನಕ್ಕು ಅವರು ಕಣ್ಣು ಒರೆಸಿಕೊಂಡರು, ಅದು ಪೂರಾ ನಗೆಯ ನೀರೋ ಅಲ್ಲವೋ ನಾನು ನೋಡಲು ಹೋಗಲಿಲ್ಲ. ರೊಟ್ಟಿಯ ಬುಟ್ಟಿ ಎಳೆದುಕೊಂಡು, 'ಇನ್ನೊಂದು ಹಾಕ್ಲೇನ್ರಿ ಸರ್ರ?' ಎಂದೆ.

'ಹಾಕ್ರಿ' ಎಂದು ಅವರು ಒಂದೇ ಮಾತಿಗೆ ತಟ್ಟೆ ಮುಂದೆ ಹಿಡಿದರು.